ಹಳ್ಳ ಹಿಂದಕ್ಕೆ ಹರಿದ ವರ್ಷ

ಮೊನ್ನೆ ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯಲ್ಲಿ ನೀರಿನ ಸಂಪು ತೊಳೆಸಿದೆವು. ಕೆಲಸದವರಿಬ್ಬರು ಒಳಗಿಳಿದು, ತಳದಲ್ಲಿ ಕೂತಿದ್ದ ಕೆಸರನ್ನು ಬಕೆಟ್ಟಿಗೆ ತುಂಬಿ ತುಂಬಿ ಬೇವಿನ ಮರದ ಬುಡಕ್ಕೆ ಸುರಿದರು. ಸೊಸೆ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಮಾತ್ರ ಕುರ್ಚಿಯನ್ನು ಆ ಕೆಸರಿನ ಹತ್ತಿರಕ್ಕೇ ಎಳೆದುಕೊಂಡೆ. ನಮ್ಮ ನಲ್ಲಿಗೆ ಬರುವುದು ತುಂಗಭದ್ರೆಯ ನೀರು. ಕಾಲುವೆ, ಕೆರೆ, ಕೊಳವೆ ಎಲ್ಲ ದಾಟಿ ಬಂದರೂ ಆ ಮಣ್ಣು ತನ್ನ ವಾಸನೆ ಬಿಟ್ಟಿರಲಿಲ್ಲ. ಸ್ವಲ್ಪ ತುಕ್ಕಿನ ಹಾಗೆ, ಸ್ವಲ್ಪ ಕೊಳೆತ ಎಲೆಯ ಹಾಗೆ, ಅದರ ಕೆಳಗೆ ಎಲ್ಲೋ ತಂಪಾಗಿ ಮೀನಿನ ಹಾಗೆ. ಎಂಬತ್ತು ದಾಟಿದ ನನಗೆ ನಿನ್ನೆ ಉಂಡದ್ದು ನೆನಪಿರುವುದಿಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ, ಮಡುವಿನಹಾಳದ ಆ ಒಂದು ಮಳೆಗಾಲ ಪೂರ್ತಿಯಾಗಿ ಎದುರಿಗೆ ಬಂದು ನಿಂತಿತು.

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ನಾವಿನ್ನೂ ಮದ್ರಾಸಿಗೆ ಸೇರಿದವರು. ಹೊಸಪೇಟೆಯ ಹತ್ತಿರ ಆಣೆಕಟ್ಟಿನ ಕೆಲಸ ನಡೆದಿತ್ತು, ಆದರೆ ನದಿಯನ್ನು ಹಿಡಿದು ನಿಲ್ಲಿಸುವಷ್ಟು ಅದು ಎದ್ದಿರಲಿಲ್ಲ. ಮಳೆಗಾಲದಲ್ಲಿ ಹೊಳೆ ತನಗೆ ಬೇಕಾದಷ್ಟು ಬರುತ್ತಿತ್ತು, ಬೇಕಾದಾಗ ಹೋಗುತ್ತಿತ್ತು. ನನ್ನಪ್ಪ ಬಳ್ಳಾರಿಯಲ್ಲಿ ಕಂಪೌಂಡರು. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಟ್ರೇನಿಂಗ್ ಮುಗಿಸಿದ ನನಗೆ ಮೊದಲ ನೇಮಕ ಸಿಕ್ಕಿದ್ದು ಸಿರುಗುಪ್ಪದಿಂದ ಕೆಳಗೆ, ಹೊಳೆದಂಡೆಯ ಮಡುವಿನಹಾಳದ ಹೆಣ್ಣುಮಕ್ಕಳ ಶಾಲೆಗೆ. ಪ್ರಾಯದ ಹುಡುಗಿ ಒಬ್ಬಳೇ ಹಳ್ಳಿಯಲ್ಲಿ ಇರುವುದು ಹೇಗೆಂದು ಅಪ್ಪನ ಅಕ್ಕ ನೀಲತ್ತಿ ನನ್ನ ಜೊತೆ ಹೊರಟಳು. ಅವಳು ಬಳ್ಳಾರಿಯ ಬ್ರೂಸ್‌ಪೇಟೆಯ ಗಲ್ಲಿಗಳನ್ನು ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ನೀರೆಂದರೆ ಅವಳಿಗೆ ಬಾವಿ, ಹಗ್ಗ, ಕೊಡ. ಮೊದಲ ಸಲ ಹೊಳೆ ಕಂಡಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, "ಇಷ್ಟು ನೀರು ಯಾರಿಗೆ ಬೇಕಾಗಿತ್ತು ತಾಯಿ!" ಅಂದಳು.

ಊರು ಒಂದು ದಿಬ್ಬದ ಮೇಲಿತ್ತು. ಮುಂದೆ ಹೊಳೆ. ಬೆನ್ನ ಹಿಂದೆ, ದಿಬ್ಬ ಇಳಿದಲ್ಲಿ, ಒಂದು ಸಣ್ಣ ಹಳ್ಳ. ಅದು ಊರನ್ನು ಬಳಸಿ ಹೋಗಿ ಸ್ವಲ್ಪ ಕೆಳಗೆ ಹೊಳೆಗೆ ಸೇರುತ್ತಿತ್ತು. ದಿಬ್ಬಕ್ಕೂ ಹಳ್ಳಕ್ಕೂ ನಡುವಿನ ತಗ್ಗಿನಲ್ಲಿ ಊರವರ ಕಣ. ಕಣದ ಮೂಲೆಗೆ ಒಂದು ಹಳೆಯ ಕಲ್ಲುಮಂಟಪ. ಹಳ್ಳ ದಾಟಿದರೆ ಸಿರುಗುಪ್ಪದ ಬಂಡಿದಾರಿ, ಅದರ ಪಕ್ಕಕ್ಕೆ ಕರೇಬಂಡೆ ಎಂಬ ಬೋಳು ಗುಡ್ಡ. ಚೇಳು, ಓತಿಕ್ಯಾತಗಳ ಊರು ಅದು. ಯಾರೂ ಹತ್ತುತ್ತಿರಲಿಲ್ಲ.

ಶಾಲೆ ಹೊಳೆಯ ಮೆಟ್ಟಿಲುಗಳ ಪಕ್ಕದಲ್ಲಿತ್ತು. ಆ ಮೆಟ್ಟಿಲುಗಳ ನಡುವೆ ಗೇಜುಕಲ್ಲು ನಿಂತಿತ್ತು: ಅಡಿ, ಅಂಗುಲಗಳ ಕಪ್ಪು ಬಿಳುಪು ಗೀಟುಗಳು, ಮೇಲ್ಗಡೆ ಒಂದು ಕೆಂಪು ಗೆರೆ. ನೀರು ಕೆಂಪು ಗೆರೆ ಮುಟ್ಟಿದರೆ ಊರು ಬಿಡಬೇಕು. ಗೇಜು ನೋಡುವ ಕೆಲಸ ಮೊದಲು ಗಂಡುಹುಡುಗರ ಶಾಲೆಯ ಮೇಷ್ಟರದಾಗಿತ್ತು. ಅವರಿಗೆ ವರ್ಗವಾಗಿ ಹೊಸದಾಗಿ ಬಂದವರು ಸಿರುಗುಪ್ಪದಿಂದ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. ಹೀಗಾಗಿ ಓವರ್ಸಿಯರು ಒಂದು ದಿನ ಬಂದು, "ನೀವು ಇಲ್ಲೇ ಇರ್ತೀರಿ. ಮುಂಜಾನಿ ಸಂಜಿ ನೋಡಿ ಒಂದು ಚೀಟಿ ಕಳಿಸಿದ್ರಾತು" ಎಂದು ನನ್ನ ಕೊರಳಿಗೆ ಕಟ್ಟಿ ಹೋದರು.

ನಿಜ ಹೇಳಬೇಕೆಂದರೆ, ನನಗೆ ಅದಕ್ಕಿಂತ ಇಷ್ಟದ ಕೆಲಸ ಬೇರೆ ಇರಲಿಲ್ಲ.

ಆಷಾಢ ಬಂತು. ನಮ್ಮ ಸೀಮೆಯಲ್ಲಿ ಆಷಾಢವೆಂದರೆ ಗಾಳಿ ಮತ್ತು ಧೂಳು. ಮೋಡ ಓಡುತ್ತವೆ, ಹನಿ ಬೀಳುವುದಿಲ್ಲ. ಎರೆಹೊಲಗಳು ಬಾಯಿ ಬಿಟ್ಟುಕೊಂಡಿದ್ದವು. ಒಂದು ಬೆಳಿಗ್ಗೆ ಮೆಟ್ಟಿಲಿಳಿದು ನೋಡಿದರೆ ಗೇಜುಕಲ್ಲಿನ ಕೆಳಗಿನ ಗೀಟುಗಳೇ ಇಲ್ಲ. ನೀರು ಬೂದಿ ಕಲಸಿದಂತೆ ಮಾಸಲಾಗಿ, ಸದ್ದಿಲ್ಲದೆ ಏರಿ ಕೂತಿತ್ತು. ತಲೆಯ ಮೇಲೆ ಬಿಸಿಲು, ಕಾಲ ಕೆಳಗೆ ಪ್ರವಾಹ. ನನಗೆ ತಲೆ ಕೆಟ್ಟು ಹೋಯಿತು. ದಂಡೆಯಲ್ಲಿ ಹರಿಗೋಲು ಕವುಚಿ ಹಾಕಿ ಅದರ ಚರ್ಮಕ್ಕೆ ಎಣ್ಣೆ ಸವರುತ್ತಿದ್ದ ಅಂಬಿಗ ಮಾರೆಪ್ಪನನ್ನು ಕೇಳಿದೆ.

"ಮಾರೆಪ್ಪ, ಮಳಿ ಇಲ್ಲದ ಹೊಳಿ ಹೆಂಗ ಬಂತು?"

"ಮ್ಯಾಲ ಮಳಿ ಆಗೈತ್ರಿ ಅಕ್ಕೋರ."

"ಮ್ಯಾಲ ಅಂದ್ರ ಎಲ್ಲಿ?"

ಅವನು ಎಣ್ಣೆಯ ಕೈಯಿಂದಲೇ ಪಡುವಣಕ್ಕೆ ತೋರಿಸಿದ. "ಮ್ಯಾಲ ಅಂದ್ರ ಮ್ಯಾಲ್ರಿ. ನಾ ಏನ್ ಅಲ್ಲೀಗಿ ಹೋಗೀನೇನು? ಈ ದಂಡಿ, ಆ ದಂಡಿ. ಮುಗೀತು ನನ್ನ ದೇಶ."

ಆ ಉತ್ತರ ನನಗೆ ಸಾಕಾಗಲಿಲ್ಲ. ಮಕ್ಕಳಿಗಂತೂ ಸಾಕಾಗಲೇ ಇಲ್ಲ. ಪಾಠ ಮುಗಿದ ಮೇಲೆ ನಾನು, ನನ್ನ ಹುಡುಗಿಯರು ಮೆಟ್ಟಿಲ ಮೇಲೆ ಸಾಲಾಗಿ ಕೂತು ಹೊಳೆ ತಂದದ್ದನ್ನು ನೋಡುತ್ತಿದ್ದೆವು. ಬೇರುಸಹಿತ ಒಂದು ಬಿದಿರು ಮೆಳೆ ತೇಲಿ ಬಂತು. ಯಾರದೋ ಹಿತ್ತಲಿನ ಕುಂಬಳಬಳ್ಳಿ, ಕಾಯಿ ಸಮೇತ ಬಂತು. ಒಂದು ಮರದ ಕೊಂಬೆಯ ತುಂಬ ಕೆಂಜಿಗ ಇರುವೆಗಳು ಉಂಡೆಕಟ್ಟಿಕೊಂಡು ಪ್ರಯಾಣ ಹೊರಟಿದ್ದವು. ಮಾರೆಪ್ಪ ಕೊಕ್ಕೆ ಹಾಕಿ ಎಳೆದ ಇನ್ನೊಂದು ಕೊಂಬೆಯ ಎಲೆ ಅಂಗೈಯಷ್ಟು ಅಗಲ, ಬೆನ್ನಿಗೆ ತುಪ್ಪಳದಂಥ ರೋಮ. ಊರಲ್ಲಿ ಯಾರಿಗೂ ಆ ಮರದ ಹೆಸರು ಗೊತ್ತಿರಲಿಲ್ಲ. ನಾನು ಕಾಣದ ಕಾಡು, ನಾನು ಕೇಳದ ಮಳೆ. ಎಷ್ಟೋ ದಿನದ ಹಿಂದೆ ಅಲ್ಲಿ ಬಿದ್ದದ್ದು ಈಗ ನಮ್ಮ ಮೆಟ್ಟಿಲಿಗೆ ಬಂದು ತಟ್ಟುತ್ತಿದೆ ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತಿತ್ತು. ಆಮೇಲೆ ನೀರಿನ ಬಣ್ಣವೂ ಬದಲಾಗುತ್ತಿತ್ತು. ಒಂದು ದಿನ ಬೂದಿ, ಇನ್ನೊಂದು ದಿನ ಕೆಮ್ಮಣ್ಣು, ಮತ್ತೊಂದು ದಿನ ಎರೆಮಣ್ಣಿನ ಕಪ್ಪು. ಹೊಳೆಗೆ ಬೇರೆ ಬೇರೆ ಕಡೆಯಿಂದ ಬೇರೆ ಬೇರೆ ನೀರು ಸೇರುತ್ತದೆ, ಅವು ಒಂದೊಂದಾಗಿ ಬಂದು ಮುಟ್ಟುತ್ತವೆ ಎಂದು ನಾನೇ ಊಹಿಸಿ ಮಕ್ಕಳಿಗೆ ಹೇಳಿದೆ. ಸರಿಯೋ ತಪ್ಪೋ, ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ನೀಲತ್ತಿಗೆ ಮಾತ್ರ ಹೊಳೆಯ ಭಯ ಹೋಗಲಿಲ್ಲ. ಬಟ್ಟೆ ಒಗೆಯುವುದಕ್ಕೆ ಅವಳು ಊರ ಹಿಂದಿನ ಹಳ್ಳಕ್ಕೆ ಹೋಗುತ್ತಿದ್ದಳು. ಮೊಣಕಾಲು ಮಟ್ಟದ ತಿಳಿನೀರು, ಒಗೆಯುವ ಕಲ್ಲು, ಹರಟೆಗೆ ಹತ್ತು ಹೆಂಗಸರು. "ನನಗ ಇಷ್ಟ ನೀರು ಸಾಕು" ಅನ್ನುತ್ತಿದ್ದಳು.

ಶ್ರಾವಣ ಹತ್ತಿರ ಬಂದಿತ್ತು. ಹೊಳೆ ಇಳಿಯುವುದನ್ನು ಬಿಟ್ಟು ದಿನದಿಂದ ದಿನಕ್ಕೆ ಗೇಜಿನ ಮೇಲೆ ಏರುತ್ತಿತ್ತು. ಒಂದು ಬೆಳಿಗ್ಗೆ ನಾನು ಹಾಜರಿ ಕೂಗುತ್ತಿದ್ದೆ. ನೀಲತ್ತಿ ಏದುಸಿರು ಬಿಡುತ್ತ ಶಾಲೆಯ ಬಾಗಿಲಿಗೆ ಬಂದಳು. ಸೀರೆಯ ಅಂಚೆಲ್ಲ ಕೆಸರು. ಅವಳ ಹಿಂದೆ ನಗುತ್ತ ನಾಲ್ಕೈದು ಹೆಂಗಸರು.

"ಲೇ ಗೌರಿ, ನನ್ನ ಇಳಕಲ್ ಸೀರಿ ಹೋತಲ್ಲೇ!"

"ಎಲ್ಲಿ ಹೋತತ್ತಿ?"

"ಹಳ್ಳದಾಗ ಜಾಲಿಸಾಕ ಹತ್ತಿದ್ದೆ, ಕೈ ಜಾರಿತು. ಹಿಡಿಯೋಣ ಅಂತ ನಾ ಕೆಳಗಡೆ ಓಡಿದೆ. ಕೆಳಗ ಎಷ್ಟು ಓಡಿದ್ರೂ ಸೀರಿ ಇಲ್ಲ. ತಿರುಗಿ ನೋಡಿದ್ರ ಅದು ಮ್ಯಾಲ ಹೊಂಟೈತಿ!"

ಹೆಂಗಸರು ಮತ್ತೆ ನಕ್ಕರು. ಅವರಲ್ಲೊಬ್ಬಳು, "ಬಳ್ಳಾರಿಯಾಕಿ ಸೀರಿ ನೋಡ್ರಿ, ತವರುಮನಿಗೆ ಹೊಂಟಿತ್ತು" ಅಂದಳು. ನನಗೂ ನಗು ಬಂತು. ಆದರೆ ಅದು ಬಾಯಿಗೆ ಬರುವಷ್ಟರಲ್ಲಿ ನಿಂತುಹೋಯಿತು. ಸೀರೆ ಮೇಲಕ್ಕೆ ಹೋಯಿತೆಂದರೆ?

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಳ್ಳಕ್ಕೆ ಕರೆದುಕೊಂಡು ಹೋದೆ. ಸೀರೆ ಒಂದು ಜಾಲಿಯ ಕೊಂಬೆಗೆ ಸಿಕ್ಕಿಕೊಂಡಿತ್ತು, ಒಗೆಯುವ ಕಲ್ಲಿನಿಂದ ಮೇಲುಗಡೆಗೆ. ಹಳ್ಳದ ನೀರು ದಿನದಂತೆ ತಿಳಿಯಾಗಿರಲಿಲ್ಲ. ಹೊಳೆಯ ಕೆಂಪು ಅದಕ್ಕೆ ಬಂದಿತ್ತು. ಜೋಳದ ಒಣಗಿದ ಎಲೆ, ರವದಿಯನ್ನು ನೀರಿಗೆ ಹಾಕಲು ಮಕ್ಕಳಿಗೆ ಹೇಳಿದೆ. ರವದಿ ಒಂದು ಕ್ಷಣ ನಿಂತಿತು. ಆಮೇಲೆ ಬಲು ನಿಧಾನವಾಗಿ, ಯಾರೋ ದಾರ ಕಟ್ಟಿ ಎಳೆದಂತೆ, ಹೊಳೆಯ ಕಡೆಯಿಂದ ಹೊಲಗಳ ಕಡೆಗೆ ಹೊರಟಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ದಂಡೆ ಹಿಡಿದು ಹಳ್ಳದ ಬಾಯಿಯ ತನಕ ನಡೆದೆ.

ಅಲ್ಲಿ, ಹಳ್ಳ ಹೊಳೆಗೆ ಸೇರುವ ಕಡೆ, ಒಂದು ಹಳೆಯ ಕಲ್ಲಿನ ಒಡ್ಡು. ಒಡ್ಡು ಅನ್ನುವುದಕ್ಕಿಂತ ಅದರ ಎರಡು ತುದಿ ಅನ್ನಬೇಕು. ನಡುವಿನಲ್ಲಿ ಬಂಡಿ ಹೋಗುವಷ್ಟು ಬಯಲು. ಆ ಬಯಲಿನಿಂದ ಹೊಳೆ ತನ್ನ ಮನೆಯೊಳಗೆ ನುಗ್ಗುವಂತೆ ಒಳಗೆ ಬರುತ್ತಿತ್ತು. ಹೊಳೆಯ ಮಟ್ಟ ಎತ್ತರ, ಹಳ್ಳದ್ದು ತಗ್ಗು. ಹಳ್ಳದ ನೀರು ಹೊರಗೆ ಹೋಗಲಾರದೆ ಹೊಳೆಯ ನೀರೇ ಒಳಗೆ ತಿರುಗಿತ್ತು. ಹೆಂಗಸರನ್ನು ಕೇಳಿದೆ: "ಈ ಒಡ್ಡಿನ ಕಲ್ಲು ಎಲ್ಲಿ ಹೋದ್ವು?"

"ಊರಾಗ ಯಾರ ಮನಿ ಗೋಡಿ ನೋಡಿದ್ರೂ ಸಿಗ್ತಾವ್ರಿ ಅಕ್ಕೋರ" ಎಂದು ಒಬ್ಬಳು ಸಹಜವಾಗಿ ಹೇಳಿದಳು. ಎಂಥ ಒಳ್ಳೆಯ ಕಡೆದ ಕಲ್ಲುಗಳು! ಒಬ್ಬರು ಎರಡು ತಂದರು, ಇನ್ನೊಬ್ಬರು ನಾಲ್ಕು ತಂದರು. ದೊಡ್ಡ ಹೊಳೆ ಬಂದು ಒಂದು ತಲೆಮಾರಾಗಿತ್ತು. ಒಡ್ಡು ಏತಕ್ಕೆ ಇತ್ತು ಎಂಬುದೇ ಮರೆತುಹೋಗಿತ್ತು.

ಸಂಜೆ ಊರ ಗೌಡರಾದ ಲಿಂಗನಗೌಡರ ಮನೆಗೆ ಹೋಗಿ ಹೇಳಿದೆ. ಅವರು ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಮರ್ಯಾದೆಯಿಂದ ಕೇಳಿಸಿಕೊಂಡು, "ಹಳ್ಳ ಅದು, ಏನ್ ಮಾಡೀತ್ರಿ? ನೀವು ಹೊಳಿ ನೋಡ್ರಿ" ಅಂದರು. ಪಡಸಾಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಅವರ ತಾಯಿ ಮಾತ್ರ ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಊರೆಲ್ಲ ಅವಳನ್ನು ದೊಡ್ಡವ್ವ ಅನ್ನುತ್ತಿತ್ತು.

"ಹಿಂದಕ್ಕ ಹೊಂಟೈತೇನ ಹಳ್ಳ?" ಅಂದಳು. "ನೀ ಕಣ್ಣಾರೆ ಕಂಡೀಯೇನು?"

"ಕಂಡೀನಿ ದೊಡ್ಡವ್ವ."

"ಹೌದಾ!" ಎಂದು ಅವಳು ಮತ್ತೆ ಕುಟ್ಟತೊಡಗಿದಳು. ಅವಳ ದನಿಯಲ್ಲಿ ಭಯ ಇರಲಿಲ್ಲ, ಒಂದು ಬಗೆಯ ಹಂಬಲ ಇತ್ತು: ತಾನೂ ನೋಡಬೇಕಿತ್ತಲ್ಲ ಅನ್ನುವ ಹಾಗೆ.

ಮರುದಿನ ಬೆಳಿಗ್ಗೆ ಸಿರುಗುಪ್ಪದಿಂದ ಸೈಕಲ್ಲು ತುಳಿದುಕೊಂಡು ತಾಲ್ಲೂಕು ಕಚೇರಿಯ ಜವಾನ ಬಂದ. ಹಳ್ಳ ದಾಟುವಾಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದಿದ್ದನಂತೆ. ಹೊಸಪೇಟೆಯ ಕಡೆಯಿಂದ ತಂತಿ ಬಂದಿತ್ತು: ಹೊಳೆ ಭಾರಿಯಾಗಿ ಬರುತ್ತಿದೆ, ದಂಡೆಯ ಊರವರು ಎಚ್ಚರವಾಗಿರಬೇಕು. ನಾನು ಮೆಟ್ಟಿಲಿಗೆ ಓಡಿದೆ. ಕೆಂಪು ಗೆರೆಗೆ ನೀರು ಇನ್ನೂ ಮೊಳದಷ್ಟು ಕೆಳಗಿತ್ತು.

ಡಂಗುರ ಹೊಡೆಸಿದರು. ದೊಡ್ಡ ಹೊಳೆ ಬಂದರೆ ಏನು ಮಾಡಬೇಕು ಎಂಬುದು ಊರಿಗೆ ಹಿರಿಯರಿಂದ ಬಂದ ಕ್ರಮ: ಹೊಳೆಗೆ ಬೆನ್ನು ಮಾಡಿ ಹಿಂದಿನ ಕಣಕ್ಕೆ ಇಳಿಯಬೇಕು, ಮಂಟಪದ ಸುತ್ತ ಬೀಡು ಬಿಡಬೇಕು. ಗಂಟುಮೂಟೆ, ಕಾಳಿನ ಚೀಲ, ಬೀಸುವ ಕಲ್ಲು, ಕೋಳಿ, ಕರು ಎಲ್ಲ ದಿಬ್ಬ ಇಳಿಯತೊಡಗಿದವು. ಹೆಚ್ಚು ನಡೆಯಲಾರದ ದೊಡ್ಡವ್ವನನ್ನು ಹಗ್ಗದ ಹೊರಸಿನ ಮೇಲೆ ಮಲಗಿಸಿ ಹೊತ್ತು ಮೊದಲೇ ಮಂಟಪಕ್ಕೆ ಮುಟ್ಟಿಸಿದ್ದರು. ಕಣವೆಂದರೆ ಹಳ್ಳದ ದಂಡೆ. ಜನರ ನಡುವೆ ನುಗ್ಗಿ ಗೌಡರ ಮುಂದೆ ನಿಂತೆ.

"ಗೌಡ್ರ, ಕಣಕ್ಕ ಬ್ಯಾಡ್ರಿ. ಹೊಳಿ ಹಿಂದಲಿಂದ ಬರಾಕ ಹತ್ತೈತಿ. ಎಲ್ಲಾರೂ ಹಳ್ಳ ದಾಟಿ ಕರೇಬಂಡಿ ಹತ್ತಬೇಕು. ಈಗ ದಾಟಿದ್ರ ದಾಟಿದ್ವಿ, ಆಮ್ಯಾಲ ದಾಟಾಕ ಆಗಂಗಿಲ್ಲ."

ಸುತ್ತ ಇದ್ದವರು ಗೊಣಗಿದರು. "ಮಕ್ಕಳು ಮರಿ ಕಟಿಗೊಂಡು ಆ ಚೇಳಿನ ಗುಡ್ಡಕ್ಕ?" "ಗೇಜು ಕೆಂಪು ಗೆರಿ ಮುಟ್ಟಿಲ್ಲಂತ, ಮತ್ತ್ಯಾಕ?" ಗೌಡರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು.

"ಅಕ್ಕೋರ, ನಮ್ಮಪ್ಪನ ಕಾಲದಾಗ ಇದಕ್ಕಿಂತ ದೊಡ್ಡ ಹೊಳಿ ಬಂದಿತ್ತು. ಹೊಳಿಕಡೆ ಮನಿಯೊಳಗ ನೀರು ಹೊಕ್ಕಿತ್ತು. ಆದ್ರ ಕಣದಾಗ ಒಂದು ಹನಿ ಬಂದಿದ್ದಿಲ್ಲ. ನಾನು ಸಣ್ಣಾವಿದ್ದೆ, ಅಲ್ಲೇ ಮಲಗೀನಿ."

"ಆಗ ಒಡ್ಡು ಇತ್ತಲ್ರಿ ಗೌಡ್ರ. ಹೊಳಿ ಒಳಗ ಬರಲಾರ್ದಂಗ ಅದು ತಡದಿತ್ತು. ಈಗ ಎಲ್ಲೈತಿ ಒಡ್ಡು?"

ಗೌಡರ ಕಣ್ಣು ತಮ್ಮ ದನದ ಕೊಟ್ಟಿಗೆಯ ಕಡೆ ಹೋಯಿತು. ಅದರ ಕಟ್ಟೆ ಪೂರ್ತಿ ಕಡೆದ ಕಲ್ಲಿನದು. ನಾನು ಅದನ್ನು ಎತ್ತಿ ಆಡಲಿಲ್ಲ. "ಬರ್ರಿ, ನೋಡೋಣ" ಅಂದೆ ಅಷ್ಟೆ.

ಇಬ್ಬರೂ ಹಳ್ಳದ ದಂಡೆಗೆ ಹೋದೆವು. ಊರ ಅರ್ಧ ಜನ ನಮ್ಮ ಹಿಂದೆ ಬಂದರು. ಗೌಡರೇ ಒಂದು ಜೋಳದ ದಂಟು ಮುರಿದು ನೀರಿನ ಅಂಚಿಗೆ ನೆಟ್ಟರು. ನಿಂತು ನೋಡಿದೆವು. ನೀರು ಸದ್ದು ಮಾಡಲಿಲ್ಲ, ಅಲೆ ಎಬ್ಬಿಸಲಿಲ್ಲ. ಬೆಕ್ಕು ಹಾಲಿನ ಬಟ್ಟಲಿಗೆ ಬರುವ ಹಾಗೆ ಬಂತು. ದಂಟಿನ ಬುಡ ಒದ್ದೆಯಾಯಿತು, ಮೊದಲ ಗಿಣ್ಣು ಮುಳುಗಿತು. ಗೌಡರು ತಮ್ಮ ಕಾಲ ಕಡೆ ನೋಡಿಕೊಂಡರು. ಅವರ ಜೋಡು ನೀರಿನೊಳಗಿತ್ತು. ನಿಂತಾಗ ಅದು ಒಣಮಣ್ಣಿನ ಮೇಲಿತ್ತು.

ಅವರು ಕೂಗಿದ ದನಿ ನನಗೆ ಇನ್ನೂ ಕೇಳಿಸುತ್ತದೆ. "ಏಯ್! ಕಣ ಬಿಡ್ರಿ! ಎಲ್ಲಾರೂ ಹಳ್ಳ ದಾಟ್ರಿ, ಕರೇಬಂಡಿಗೆ! ಗಂಟು ಬಿಡ್ರಿ, ಮಂದಿ ನಡೀರಿ!"

ದಾರಿ ಹಳ್ಳ ದಾಟುವಲ್ಲಿ ನೀರು ಸೊಂಟದ ಮಟ್ಟಕ್ಕೆ ಬಂದಿತ್ತು. ಗಂಡಸರು ಕೈ ಕೈ ಹಿಡಿದು ಎರಡು ಸಾಲು ನಿಂತರು, ನಡುವೆ ಹೆಂಗಸರು ಮಕ್ಕಳನ್ನು ಹೆಗಲಿಗೇರಿಸಿಕೊಂಡು ದಾಟಿದರು. ನೀರಿಗೆ ಸೆಳೆತ ಇರಲಿಲ್ಲ, ಅದೊಂದು ಪುಣ್ಯ. ನನ್ನ ಹುಡುಗಿಯರನ್ನು ಹಾಜರಿ ಕೂಗಿದ ಕ್ರಮದಲ್ಲೇ ಹೆಸರು ಹಿಡಿದು ಕರೆದು ದಾಟಿಸಿದೆ. ನೀಲತ್ತಿ ದಂಡೆಯಲ್ಲಿ ಕಲ್ಲಾಗಿ ನಿಂತಿದ್ದಳು.

"ನಾ ಒಲ್ಲೆ. ನನಗ ನೀರು ಆಗಂಗಿಲ್ಲ."

"ಅತ್ತಿ, ನಿನ್ನ ಸೀರಿ ಹೋದ ಹಳ್ಳ ಇದು. ಅದಕ್ಕ ಏನೂ ಆಗಲಿಲ್ಲ, ನಿನಗೇನ ಆಗತೈತಿ?"

"ಅದಕ್ಕ ಜೀವ ಇದ್ದಿದ್ದಿಲ್ಲಲೇ!" ಎಂದು ಬೈಯುತ್ತಲೇ ಅವಳು ನನ್ನ ತೋಳು ಹಿಡಿದು ಇಳಿದಳು. ಕಣ್ಣು ಮುಚ್ಚಿಕೊಂಡು, ಗೊತ್ತಿದ್ದ ಶಿವನ ಹೆಸರನ್ನೆಲ್ಲ ಹೇಳುತ್ತ, ಆಚೆ ದಂಡೆ ಮುಟ್ಟಿದ ಮೇಲೂ ಸ್ವಲ್ಪ ದೂರ ಹಾಗೆಯೇ ನಡೆದಳು.

ದನಕರು ಈಜಿ ದಾಟಿದವು. ಮಂದಿ ಹತ್ತಿ ಮುಗಿಯುವಷ್ಟರಲ್ಲಿ ದಾಟುವ ಕಡೆ ನೀರು ಆಳು ಮುಳುಗುವಷ್ಟಾಗಿತ್ತು. ಆಗ ಗೌಡರು ಎಲ್ಲರ ಮುಖ ಹುಡುಕಿ ನೋಡಿ, "ಅವ್ವ ಎಲ್ಲಿ?" ಅಂದರು.

ಹೊರಸು ಹೊತ್ತಿದ್ದವರು ಮೊದಲು ಮಕ್ಕಳನ್ನು ದಾಟಿಸಲೆಂದು ಇಳಿದಿದ್ದರು. ದೊಡ್ಡವ್ವನೇ ಅವರಿಗೆ, "ಹುಡುಗ್ರು ಮೊದಲು" ಎಂದು ಗದರಿಸಿ ಕಳಿಸಿದ್ದಳಂತೆ. ಈಗ ಅವಳು ಮಂಟಪದಲ್ಲಿ ಒಬ್ಬಳೇ. ಮಂಟಪದ ಸುತ್ತ ಕೆಂಪು ನೀರು. ಕಂಬಕ್ಕೆ ಒರಗಿ ಹೊರಸಿನ ಮೇಲೆ ಕೂತಿದ್ದ ಅವಳ ಬಿಳಿ ಸೀರೆ ನಮಗೆ ಗುಡ್ಡದಿಂದ ಕಾಣುತ್ತಿತ್ತು. ಗೌಡರು ನೀರಿಗೆ ಇಳಿಯಲು ಹೊರಟರು. ಅವರಿಗೆ ಈಜು ಬರುತ್ತಿರಲಿಲ್ಲ. ನಾಲ್ಕು ಜನ ಹಿಡಿದುಕೊಂಡರು.

ಮಾರೆಪ್ಪ ಹರಿಗೋಲನ್ನು ಹೊಳೆಯಿಂದ ತಲೆಯ ಮೇಲೆ ಹೊತ್ತು ತಂದಿದ್ದ. ಹಳ್ಳಕ್ಕೆ ಹಾಕಿ ಹತ್ತಿದ. ಹೊಳೆಯ ಮೇಲೆ ಅವನಷ್ಟು ಧೈರ್ಯದವರಿಲ್ಲ, ಆದರೆ ಇದು ಹೊಳೆಯಲ್ಲ. ನೀರಿನ ಕೆಳಗೆ ಹಳ್ಳದ ಉದ್ದಕ್ಕೂ ಜಾಲಿಗಿಡಗಳು ಮುಳುಗಿದ್ದವು. ಹೋಗುವಾಗ ಹಗುರವಾಗಿ ಸುತ್ತುಹಾಕಿ ಮುಟ್ಟಿದ. ದೊಡ್ಡವ್ವನನ್ನು ಎತ್ತಿ ಕೂರಿಸಿಕೊಂಡು ಬರುವಾಗ, ಅರ್ಧ ದಾರಿಯಲ್ಲಿ ಹರಿಗೋಲು ಗಕ್ಕನೆ ನಿಂತಿತು. "ಮುಳ್ಳು! ಮುಳ್ಳು ಹೊಕ್ಕಿತು!" ಎಂದು ಅವನು ಕೂಗಿದ. ಚರ್ಮ ಸೀಳಿ ನೀರು ಒಳಗೆ ಬುಗ್ಗೆಯಂತೆ ಬರುತ್ತಿತ್ತು. ದಂಡೆಯ ಮೇಲೆ ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು.

ಆಮೇಲೆ ನಾವು ಕಂಡದ್ದು ಹೀಗೆ. ದೊಡ್ಡವ್ವ ಹೊದ್ದುಕೊಂಡಿದ್ದ ಕೌದಿಯನ್ನು ತೆಗೆದು ಮಡಿಸಿದಳು, ತೂತಿನ ಮೇಲೆ ಒತ್ತಿದಳು, ಅದರ ಮೇಲೆ ತಾನೇ ಗಟ್ಟಿಯಾಗಿ ಕೂತುಬಿಟ್ಟಳು. "ನೀ ಹುಟ್ಟು ಹಾಕು, ನಾ ಏಳಂಗಿಲ್ಲ" ಎಂದು ಮಾರೆಪ್ಪನಿಗೆ ಹೇಳಿದಳಂತೆ. ಅವನು ತೋಳು ಬೀಳುವ ತನಕ ಹುಟ್ಟು ಹಾಕಿದ. ದಂಡೆಗೆ ಬರುವಷ್ಟರಲ್ಲಿ ಹರಿಗೋಲು ಅಂಚಿನ ತನಕ ತುಂಬಿತ್ತು. ಗೌಡರು ತಾಯಿಯನ್ನು ಕೂಸಿನಂತೆ ಎತ್ತಿಕೊಂಡರು. ದೊಡ್ಡವ್ವ ಮಗನ ಹೆಗಲ ಮೇಲಿಂದ ಹಿಂದಿರುಗಿ ಹಳ್ಳವನ್ನೇ ನೋಡುತ್ತಿದ್ದಳು.

ಸಂಜೆಯ ಬಿಸಿಲಿನಲ್ಲಿ ಗುಡ್ಡದ ಮೇಲೆ ನಿಂತು ನೋಡಿದೆವು. ಕಣ ಇರಲಿಲ್ಲ. ಮಂಟಪದ ಮಾಳಿಗೆ ಮಾತ್ರ, ಯಾರೋ ನೀರಿನ ಮೇಲೆ ಚಾಪೆ ಹಾಸಿದಂತೆ ಕಾಣುತ್ತಿತ್ತು. ಅಲ್ಲಿ ಬಿಟ್ಟು ಬಂದ ಕಾಳಿನ ಚೀಲಗಳು, ಕಟ್ಟಿಹಾಕಿ ಮರೆತಿದ್ದ ಒಂದೆರಡು ಆಡು ಹೋಗಿದ್ದವು. ದಿಬ್ಬದ ಮೇಲೆ ಊರು ದ್ವೀಪವಾಗಿ ನಿಂತಿತ್ತು. ತುದಿಯ ಕೆಲವು ಮಣ್ಣುಗೋಡೆಗಳು ಕುಸಿದವು. ಮಂದಿಯಲ್ಲಿ ಒಬ್ಬರೂ ಕಡಿಮೆಯಾಗಿರಲಿಲ್ಲ. ಆಕಾಶದಲ್ಲಿ ಆಗಲೂ ಒಂದು ಹನಿ ಮಳೆ ಇರಲಿಲ್ಲ.

ನೀರು ಇಳಿಯುವ ತನಕ ಕೆಲವು ದಿನ ಆ ಬಂಡೆಯ ಮೇಲೆ ಕಳೆದೆವು. ಒಳಗಿನ ಊರಾದ ಸಿರಿಗೇರಿಯ ಕಡೆಯಿಂದ ಜನ ಬಂಡಿಯಲ್ಲಿ ರೊಟ್ಟಿ, ಕಾರದಪುಡಿ ತಂದುಕೊಟ್ಟರು. ಕೆಂಪು ನೀರನ್ನು ನೀಲತ್ತಿ ಸೀರೆಯಲ್ಲಿ ಸೋಸಿ, ಕುದಿಸಿ, ಎಲ್ಲರಿಗೂ ಹಂಚುತ್ತಿದ್ದಳು. ಮೇಲಕ್ಕೆ ತೇಲಿ ಹೋಗಿದ್ದ ಇಳಕಲ್ ಸೀರೆಯೇ ಅದು. ಎರಡನೆಯ ದಿನ ದೊಡ್ಡವ್ವ ನನ್ನನ್ನು ಹತ್ತಿರ ಕರೆದಳು.

"ಬಾ ಇಲ್ಲಿ. ನೀರು ಹಿಂದಕ್ಕ ಯಾಕ ಬಂತು, ನನಗ ತಿಳಿಯೂವಂಗ ಹೇಳು."

ಬಂಡೆಯ ಸಂದಿನಲ್ಲಿದ್ದ ಮಣ್ಣು ಕೆದರಿ, ಒಂದು ಅಗಲ ಕಾಲುವೆ, ಅದಕ್ಕೆ ಸೇರುವ ಒಂದು ಸಣ್ಣ ಕಾಲುವೆ ಮಾಡಿದೆ. ಸಣ್ಣದಕ್ಕೆ ಚೊಂಬಿನಿಂದ ನೀರು ಬಿಟ್ಟೆ. ಅದು ಹರಿದು ಅಗಲದ್ದಕ್ಕೆ ಸೇರಿತು. ಆಮೇಲೆ ಅಗಲ ಕಾಲುವೆಯ ಕೆಳತುದಿಗೆ ಕೈ ಅಡ್ಡ ಹಿಡಿದು ಅದನ್ನು ತುಂಬಿಸಿದೆ. ಸಣ್ಣ ಕಾಲುವೆಯ ನೀರು ನಿಂತಿತು, ತಬ್ಬಿಬ್ಬಾಯಿತು, ತಿರುಗಿತು. ಕೂಡುವ ಜಾಗಕ್ಕೆ ಒಂದು ಕಲ್ಲು ಇಟ್ಟು ಮಣ್ಣು ಮೆತ್ತಿದೆ. ತಿರುಗುವುದು ನಿಂತಿತು.

ದೊಡ್ಡವ್ವ ಮುಖವನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ ನೋಡಿದಳು. "ಇನ್ನೊಮ್ಮಿ ಮಾಡು" ಅಂದಳು. ಮಾಡಿದೆ. "ನೀ ಸರಿ, ನಾ ಮಾಡ್ತೀನಿ" ಎಂದು ಚೊಂಬು ಕಸಿದುಕೊಂಡಳು. ಕಲ್ಲು ತೆಗೆದು ನೋಡಿದಳು, ಇಟ್ಟು ನೋಡಿದಳು. ಕುಡಿಯುವ ನೀರು ಎಂದು ನೀಲತ್ತಿ ಬೈದರೂ ಬಿಡಲಿಲ್ಲ. "ಹುಟ್ಟಿ ಬೆಳದದ್ದು ಇದ ದಂಡಿಮ್ಯಾಲ" ಎಂದಳು ಕೊನೆಗೆ. "ಒಬ್ಬರರ ನನಗ ಇದನ್ನ ತೋರಿಸಿದ್ರೇನು?" ಗೌಡರು ಸ್ವಲ್ಪ ದೂರದಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಆಮೇಲೆ ಸುಮ್ಮನೆ ಮುಖ ತಿರುಗಿಸಿ, ನೀರಿನಾಚೆಯ ತಮ್ಮ ಮನೆಯ ಕಡೆ ದಿಟ್ಟಿಸಿದರು.

ನೀರು ಇಳಿದ ಮೇಲೆ ಓವರ್ಸಿಯರು ಬಂದರು. ಹೊಳೆಯ ನೀರು ಕೆಂಪು ಗೆರೆಯನ್ನು ಬರೀ ಸವರಿತ್ತು, ದಾಟಿರಲಿಲ್ಲ. ಗೆರೆ ಎಳೆದ ಕಾಲಕ್ಕೆ ಒಡ್ಡು ಇತ್ತು. ಒಡ್ಡು ಹೋದ ಮೇಲೂ ಗೆರೆ ಅಲ್ಲೇ ಉಳಿದಿತ್ತು. ಅವರು ಹಳ್ಳದ ಬಾಯಿಗೆ ಹೋಗಿ ಬಹಳ ಹೊತ್ತು ನಿಂತು ನೋಡಿ, ಕೆಂಪು ಗೆರೆಯನ್ನು ಸದ್ಯಕ್ಕೆ ಕೆಳಗಿಳಿಸಿದರು. ಹಳ್ಳಕ್ಕೂ ಒಂದು ಗೇಜುಕಲ್ಲು ನೆಡಲು ಒಪ್ಪಿದರು. ಒಡ್ಡಿನ ವಿಷಯಕ್ಕೆ, "ಮಂಜೂರಾತಿ ಬರಬೇಕು, ವರ್ಷ ಹಿಡೀಬಹುದು" ಅಂದರು.

ಮರುದಿನ ಬೆಳಿಗ್ಗೆ ಕಲ್ಲಿನ ಸದ್ದಿಗೆ ಎಚ್ಚರವಾಯಿತು. ಲಿಂಗನಗೌಡರು ಅಂಗಿ ಬಿಚ್ಚಿ, ಹಾರೆ ಹಿಡಿದು, ತಮ್ಮ ಕೊಟ್ಟಿಗೆಯ ಕಟ್ಟೆಯನ್ನು ಕೀಳುತ್ತಿದ್ದರು. ಯಾರನ್ನೂ ಕರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಮೊದಲ ಬಂಡಿ ಹಳ್ಳದ ಬಾಯಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಮತ್ತೊಂದು ಮನೆಯ ಮುಂದಿನ ಕಟ್ಟೆ ಬಿಚ್ಚಿತು. ಒಬ್ಬಾಕೆ ತನ್ನ ಒಗೆಯುವ ಕಲ್ಲನ್ನೇ ಉರುಳಿಸಿಕೊಂಡು ಹೋದಳು. ಎಲ್ಲ ಕಲ್ಲುಗಳೂ ಬರಲಿಲ್ಲ. ಗೋಡೆಯೊಳಗೆ ಹೂತು ಹೋದವನ್ನು ಕಿತ್ತರೆ ಮನೆಯೇ ಬೀಳುತ್ತಿತ್ತು. ಕಡಿಮೆ ಬಿದ್ದುದಕ್ಕೆ ಕರೇಬಂಡೆಯಿಂದ ಒಡೆದು ತಂದರು. ಬೇಸಿಗೆಯೊಳಗೆ ಒಡ್ಡು ನಿಂತಿತು. ನೀರು ಹೊರಗೆ ಹೋಗಲು ಒಂದು ತೂಬು, ಹೊಳೆ ಏರಿದಾಗ ಅದನ್ನು ಮುಚ್ಚಲು ಒಂದು ಹಲಗೆ.

ಹಳ್ಳದ ಗೇಜನ್ನು ಯಾರು ನೋಡಬೇಕು ಎಂಬ ಪ್ರಶ್ನೆ ಬಂತು. ಅಲ್ಲಿ ದಿನಾ ಇರುವವರು ಬಟ್ಟೆ ಒಗೆಯುವ ಹೆಂಗಸರು. ಅವರಿಗೆ ಅಂಕಿ ಬರುತ್ತಿರಲಿಲ್ಲ. ಅದಕ್ಕೆ ಅವರೇ ಉಪಾಯ ಹೇಳಿದರು. ಕಲ್ಲಿನ ಕೆಳಭಾಗಕ್ಕೆ ಸುಣ್ಣ ಬಳಿದೆವು, ಅದರ ಮೇಲೆ ಗೋಡೆಗೆ ಬಳಿಯುವ ಕೆಂಪು ಜಾಜು. ಸುಣ್ಣ ಮುಳುಗಿದರೆ ಗೌಡರಿಗೆ ಹೇಳಬೇಕು, ಜಾಜು ಮುಟ್ಟಿದರೆ ತಾಟು ಬಡಿಯಬೇಕು.

ಮರುವರ್ಷ ನನಗೆ ಕುರುಗೋಡಿಗೆ ವರ್ಗವಾಯಿತು. ಗುಡ್ಡದ ಊರು, ಹೊಳೆಯಿಲ್ಲ. ನೀಲತ್ತಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಅವಳು ಬಾವಿಕಟ್ಟೆಯ ಮೇಲೆ ಕೂತು, "ಇದೇನ ನೀರು, ಏರಂಗಿಲ್ಲ ಇಳಿಯಂಗಿಲ್ಲ" ಎಂದು ಗೊಣಗುತ್ತಿದ್ದಳು.

ಎರಡು ವರ್ಷದ ಮೇಲೆ ಅಲ್ಲಿಗೆ ಒಂದು ಸಲ ಮಾರೆಪ್ಪ ಬಂದ. ಅವನ ಮಗಳನ್ನು ಆ ಕಡೆಗೆ ಕೊಟ್ಟಿದ್ದರು. ನೀಲತ್ತಿ ಅವನಿಗೆ ರೊಟ್ಟಿ ಬಡಿದು ಹಾಕುತ್ತ ಊರ ಸುದ್ದಿಯನ್ನೆಲ್ಲ ಕೇಳಿದಳು. ಆ ವರ್ಷವೂ ಹೊಳೆ ಜೋರಾಗಿ ಬಂದಿತ್ತಂತೆ. ಹಲಗೆ ಹಾಕಿದರು, ಹೆಂಗಸರು ತಾಟು ಬಡಿದರು, ಎಲ್ಲರೂ ಬಿಸಿಬಿಸಿ ರೊಟ್ಟಿಯ ಬುಟ್ಟಿ ಸಮೇತ ಗುಡ್ಡ ಹತ್ತಿದರು. ಒಡ್ಡು ತಡೆಯಿತು. ಕಣದೊಳಗೆ ಒಂದು ಹನಿ ಬರಲಿಲ್ಲ.

"ದೊಡ್ಡವ್ವ ಹೆಂಗದಾಳ?" ಎಂದು ಕೇಳಿದೆ.

ಮಾರೆಪ್ಪ ತುತ್ತು ಕೆಳಗಿಟ್ಟ. "ಹೋದ ಬ್ಯಾಸಿಗ್ಯಾಗ ಹೋಗಿಬಿಟ್ಟಳ್ರಿ ಅಕ್ಕೋರ. ತನ್ನ ಮನ್ಯಾಗ, ತನ್ನ ಹೊರಸಿನ ಮ್ಯಾಲ. ಏನೂ ತ್ರಾಸ ಆಗಲಿಲ್ಲ." ಒಂದು ಗುಟುಕು ನೀರು ಕುಡಿದು ಹೇಳಿದ. "ಎದ್ದ ಕೂಡಲೆ ದಿನಾ ಒಂದ ಮಾತು ಆಕಿದು. ಹಳ್ಳ ಎಲ್ಲಿಗೈತಿ, ಹೋಗಿ ನೋಡಿ ಬರ್ರಿ ಅಂತ. ನಾವು ಹೋಗಿ ನೋಡಿ ಬಂದು ಹೇಳಬೇಕು."

"ಬ್ಯಾಸಿಗ್ಯಾಗ ಹಳ್ಳ ಎಲ್ಲಿರ್ತೈತಿ ಮಾರೆಪ್ಪ?"

"ಒಣಗಿರ್ತೈತ್ರಿ. ಆಕಿ ಹೋದ ದಿನಾನೂ ಒಣಗಿತ್ತು. ಆದ್ರೂ ಗೌಡ್ರು ತಾವ ಎದ್ದು, ಅಷ್ಟು ದೂರ ನಡಕೊಂತ ಹೋಗಿ, ನೋಡಿ ಬಂದು, 'ಅವ್ವಾ, ನೀರಿಲ್ಲ, ಕಲ್ಲು ಬುಡದ ತನಕ ಬೆಳ್ಳಗ ಕಾಣಸ್ತೈತಿ' ಅಂತ ಆಕಿ ಕಿವ್ಯಾಗ ಹೇಳಿದ್ರು."